ಗೌರಿಹಬ್ಬಕ್ಕೆ ತೆರೆಯಬೇಕಾದ ಜೇನುಪೆಟ್ಟಿಗೆ

ಚಳ್ಳಕೆರೆ ದಾಟಿ ತಳಕು, ಬಿ.ಜಿ. ಕೆರೆ, ಹಾನಗಲ್ ಮೇಲೆ ರಾಂಪುರದತ್ತ ಸಾಗುವ ಬಳ್ಳಾರಿ ಹೆದ್ದಾರಿಯ ಎರಡೂ ಬದಿಗೆ ಭಾದ್ರಪದ ಮಾಸದಲ್ಲಿ ಶೇಂಗಾ ಹೊಲಗಳದ್ದೇ ಹಸಿರು. ಮಳೆ ಕೈಕೊಡದ ವರ್ಷವಾದರೆ ಕಣ್ಣು ಹೋದಷ್ಟು ದೂರ ಅದೇ ಬಣ್ಣ. ಹೀಗೆ ಹಸಿರು ತುಂಬಿದ ಸೀಮೆಯಲ್ಲಿ ಜೇನಿಗೆ ಹಸಿವಿದೆ ಎಂದರೆ ಯಾರೂ ನಂಬಲಿಕ್ಕಿಲ್ಲ. ಆದರೆ ಸಂಗತಿ ಇರುವುದು ಹಾಗೆಯೇ. ಶೇಂಗಾ ಹೂವು ತನ್ನ ಪರಾಗದಿಂದ ತಾನೇ ಕಾಯಿ ಕಟ್ಟಿಕೊಳ್ಳುತ್ತದೆ; ಅದಕ್ಕೆ ನೊಣದ ಹಂಗಿಲ್ಲ, ನೊಣಕ್ಕೆ ಅದರಿಂದ ದಕ್ಕುವುದೂ ಅತ್ಯಲ್ಪ. ಎಣ್ಣೆ ಗಿರಣಿಗಳಿಂದ ಹೆಸರಾದ ಚಳ್ಳಕೆರೆಯ ಸೀಮೆಯಲ್ಲಿ ರೈತನ ಕೈಗೆ ಕಾಸು ತರುವ ಬೆಳೆಯೇ ಜೇನಿನ ಪಾಲಿಗೆ ಬರಿಗೈ.

ಈ ಒಂದು ಮಾತನ್ನು ಮೊದಲಿಗೇ ಹೇಳುವುದಕ್ಕೆ ಕಾರಣವಿದೆ. ಜೇನು ಸಾಕಣೆಯ ಬಗ್ಗೆ ಓದಲು ಸಿಗುವ ಬರಹಗಳಲ್ಲಿ ಹೆಚ್ಚಿನವು ಚಳಿದೇಶಗಳಿಂದ ಬಂದವು. ಅಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಎಂದರೆ ವರ್ಷದ ಬಾಗಿಲು ಮುಚ್ಚುವ ಕಾಲ. ಹೂವು ಮುಗಿಯುತ್ತದೆ, ಹಿಮ ಬರುತ್ತದೆ, ನೊಣಗಳು ಪೆಟ್ಟಿಗೆಯೊಳಗೆ ಒತ್ತೊತ್ತಾಗಿ ಕೂತು ತಿಂಗಳುಗಟ್ಟಲೆ ಕೂಡಿಟ್ಟದ್ದನ್ನು ತಿನ್ನುತ್ತವೆ. ಒಂದೊಂದು ಪೆಟ್ಟಿಗೆಯಲ್ಲಿ ಸುಮಾರು 20 ಕಿಲೊ ಜೇನು ಬಿಟ್ಟು, ಬಾಗಿಲು ಕಿರಿದು ಮಾಡಿ, ಇಲಿ ನುಗ್ಗದಂತೆ ಜಾಲರಿ ಹೊಡೆದು, ವಸಂತದವರೆಗೆ ಮುಟ್ಟದೆ ಬಿಡುವುದು ಅಲ್ಲಿನ ಪದ್ಧತಿ. ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳಲ್ಲಿ ಶರದೃತು ಇದಕ್ಕೆ ನೇರ ಎದುರು. ಇಲ್ಲಿ ವರ್ಷದ ಮಳೆ ಐನೂರು ಮಿಲಿಮೀಟರಿನ ಆಸುಪಾಸು, ಅದರಲ್ಲಿಯೂ ನಂಬಿಕೆಯ ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಉತ್ತರೆ, ಹಸ್ತ, ಚಿತ್ತೆ ಮಳೆಗಳು ಬಿದ್ದ ಮೇಲೆಯೇ ಹುಲ್ಲುಗಾವಲು, ಬದು, ಹೊಲಗಳಲ್ಲಿ ಹೂವು ಕಾಣುವುದು. ಆಷಾಢ, ಶ್ರಾವಣದ ಬರಗಾಲವನ್ನು ಹೇಗೋ ದಾಟಿ ಸೊರಗಿದ ಜೇನುಕುಟುಂಬಕ್ಕೆ ಶರತ್ಕಾಲವೇ ವರ್ಷದ ಆರಂಭ. ಆದ್ದರಿಂದ ಇಲ್ಲಿ ಪೆಟ್ಟಿಗೆಯನ್ನು ಸಿದ್ಧಮಾಡಬೇಕಾದದ್ದು ಮಲಗುವುದಕ್ಕಲ್ಲ, ದುಡಿಯುವುದಕ್ಕೆ.

ದುಡಿಯುವ ನೊಣ ಒಂದೇ ದಿನದಲ್ಲಿ ತಯಾರಾಗುವುದಿಲ್ಲ. ರಾಣಿ ಇಟ್ಟ ಮೊಟ್ಟೆ ಮೂರು ದಿನಕ್ಕೆ ಒಡೆಯುತ್ತದೆ. ಮರಿಹುಳುವಿಗೆ ಐದಾರು ದಿನ ಉಣಿಸಿದ ಮೇಲೆ ಕಣಕ್ಕೆ ಮೇಣದ ಮುಚ್ಚಳ ಬೀಳುತ್ತದೆ. ಮೊಟ್ಟೆಯಿಟ್ಟ ಇಪ್ಪತ್ತನೇ ದಿನದ ಹೊತ್ತಿಗೆ ನೊಣ ಹೊರಬರುತ್ತದೆ. ನಮ್ಮ ನೆಲದ ತುಡುವೆ ಜೇನಿಗೆ ಒಂದೆರಡು ದಿನ ಕಡಿಮೆ, ಯುರೋಪಿನ ಮೆಲ್ಲಿಫೆರಾ ಜೇನಿಗೆ ಇಪ್ಪತ್ತೊಂದು. ಹೊರಬಂದ ಕೂಡಲೇ ಅದು ಹೂವಿಗೆ ಹಾರುವುದಿಲ್ಲ. ಕಣ ಶುಚಿಮಾಡುವುದು, ಮರಿಗಳಿಗೆ ಉಣಿಸುವುದು, ಎರಿ ಕಟ್ಟುವುದು, ಬಾಗಿಲು ಕಾಯುವುದು, ಹೀಗೆ ಮೂರು ವಾರದಷ್ಟು ಕಾಲ ಗೂಡಿನೊಳಗೇ ಕೆಲಸ. ಆಮೇಲೆ ಹೊರಗಿನ ಪಾಳಿ. ಒಟ್ಟು ಆರು ವಾರ, ಅಂದರೆ 42 ದಿನ.

ಪಂಚಾಂಗ ಗೊತ್ತಿದ್ದವರು ಎಣಿಸಿ ನೋಡಬಹುದು. ಭಾದ್ರಪದ ಶುದ್ಧ ತದಿಗೆಯ ಗೌರಿಹಬ್ಬದಿಂದ ಆಶ್ವಯುಜದ ಸೀಗೆ ಹುಣ್ಣಿಮೆಗೆ ಹೆಚ್ಚುಕಡಿಮೆ ಇಷ್ಟೇ ದಿನ. ಗೌರಿಹಬ್ಬದ ದಿನ ರಾಣಿ ಇಟ್ಟ ಮೊಟ್ಟೆ ಪಿತೃಪಕ್ಷದಲ್ಲಿ ನೊಣವಾಗಿ, ಸೀಗೆ ಹುಣ್ಣಿಮೆಗೆ ಹೂವಿಗೆ ಹಾರುತ್ತದೆ. ಎಲಚಿ, ಹುಚ್ಚೆಳ್ಳು, ತೊಗರಿ, ಸೂರ್ಯಕಾಂತಿ ಒಂದರ ಹಿಂದೊಂದು ಅರಳುವುದು ಆ ಸುತ್ತಿನಲ್ಲಿ. ಹೂವು ಕಂಡ ಮೇಲೆ ಪೆಟ್ಟಿಗೆ ತೆರೆದು, ನೊಣ ಕಡಿಮೆಯಿದೆಯಲ್ಲ ಎಂದು ಸಕ್ಕರೆ ಪಾನಕ ಇಡಲು ಹೊರಟರೆ ಅದರ ಫಲ ಕೈಸೇರುವ ಹೊತ್ತಿಗೆ ಹೂವು ಉದುರಿರುತ್ತದೆ. ಶರತ್ಕಾಲದ ತಪಾಸಣೆ ಹೂವಿಗಿಂತ ಆರು ವಾರ ಮುಂಚೆ ನಡೆಯಬೇಕು ಎನ್ನುವುದೇ ಈ ಹೊತ್ತಿನ ಮಾತಿನ ತಿರುಳು. ಭಾದ್ರಪದಕ್ಕೆ ಮುಂಚೆ ಅಧಿಕಮಾಸ ಬಂದ ವರ್ಷ ಹಬ್ಬ ಮುಂದೆ ಸರಿದು ಸೆಪ್ಟೆಂಬರಿನ ಮಧ್ಯಕ್ಕೆ ಹೋಗುತ್ತದೆ. ಅಂಥ ವರ್ಷ ಹಬ್ಬ ಕಾಯದೆ ಮಳೆ ನಕ್ಷತ್ರ ನೋಡುವುದು ಲೇಸು. ಹುಬ್ಬೆ ಮಳೆ ಹುಟ್ಟುವುದು ಆಗಸ್ಟ್ ಕೊನೆಗೆ, ಉತ್ತರೆ ಹುಟ್ಟುವುದು ಸೆಪ್ಟೆಂಬರ್ 13ರ ಸುಮಾರಿಗೆ. ಹುಬ್ಬೆಯಲ್ಲಿ ಮೊದಲ ತಪಾಸಣೆ, ಉತ್ತರೆಯಲ್ಲಿ ಎರಡನೆಯದು ಎಂದಿಟ್ಟುಕೊಂಡರೆ ತಪ್ಪುವುದಿಲ್ಲ.

ಪೆಟ್ಟಿಗೆ ಮುಟ್ಟುವ ಮುಂಚೆ ಊರು ಸುತ್ತಬೇಕು. ತುಡುವೆ ಜೇನು ಮೇವಿಗೆ ಹೋಗುವುದು ಹೆಚ್ಚಾಗಿ ಒಂದು ಕಿಲೊಮೀಟರಿನ ಒಳಗೆ. ಮೆಲ್ಲಿಫೆರಾ ಮೂರು ಕಿಲೊಮೀಟರ್ ದೂರಕ್ಕೂ ಹೋಗಬಲ್ಲದು, ಹತ್ತಿರ ಸಿಕ್ಕರೆ ದೂರ ಹೋಗದು. ಪೆಟ್ಟಿಗೆಯಿಂದ ಎಲ್ಲ ದಿಕ್ಕಿಗೂ ಒಂದು ಕಿಲೊಮೀಟರ್ ಹಿಡಿದರೆ ಸುಮಾರು 775 ಎಕರೆ ಆಗುತ್ತದೆ. ಆ ನೆಲದಲ್ಲಿ ಯಾವ ಹೊಲ ಯಾರದು, ಏನು ಬಿತ್ತಿದ್ದಾರೆ, ಹೂವು ಯಾವಾಗ, ನೀರು ಎಲ್ಲಿ, ಈ ನಾಲ್ಕು ಪ್ರಶ್ನೆಗೆ ಉತ್ತರ ಬರೆದಿಟ್ಟುಕೊಂಡವನೇ ಅರ್ಧ ಜೇನುಸಾಕಣೆಗಾರ.

ಬಿ.ಜಿ. ಕೆರೆಯ ಸುತ್ತ ಹೀಗೆ ಬರೆಯಲು ಕೂತರೆ ಪಟ್ಟಿ ಅಷ್ಟೇನೂ ಬಡವಾಗಿಲ್ಲ. ಹುಲ್ಲುಗಾವಲುಗಳ ಅಂಚಿನಲ್ಲಿ, ಹಳ್ಳದ ದಂಡೆಯಲ್ಲಿ ಎಲ್ಲೆಂದರಲ್ಲಿ ಎದ್ದಿರುವ ಬಳ್ಳಾರಿ ಜಾಲಿಯನ್ನು ರೈತರು ಶಪಿಸುತ್ತಾರೆ, ಅದಕ್ಕೆ ಅವರಲ್ಲಿ ಕಾರಣವೂ ಇದೆ. ಆದರೆ ಬೇರೆ ಹೂವೇ ಇಲ್ಲದ ದಿನಗಳಲ್ಲಿ ಜೇನನ್ನು ಬದುಕಿಸುವ ಮರವೂ ಅದೇ. ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಅದು ಹೂ ಬಿಡುತ್ತದೆ, ಮಕರಂದವೂ ಚೆನ್ನಾಗಿದೆ. ಕರಿಜಾಲಿ ಮಳೆಗಾಲದಲ್ಲಿ ಹಳದಿ ಗುಂಡುಹೂ ಬಿಡುತ್ತದೆ. ಒಣಕಾಡಿನ ಕಮರ ಮರಗಳ ಸಣ್ಣ ಹೂ ಆಗಸ್ಟ್, ಸೆಪ್ಟೆಂಬರಿನದು. ಎಲಚಿ ಅಥವಾ ಬೋರೆ ಗಿಡ ಈ ಸೀಮೆಯ ಜೇನಿಗೆ ದೊಡ್ಡ ಆಸರೆ. ಹಣ್ಣು ಸಂಕ್ರಾಂತಿಯ ಹೊತ್ತಿಗಾದರೂ ಹೂವು ಮಾತ್ರ ಮಳೆಗಾಲದ ಕೊನೆಗೆ. ಕಣ್ಣಿಗೆ ಬೀಳದಷ್ಟು ಸಣ್ಣ ಹಸಿರುಹಳದಿ ಹೂವು, ಅದರ ತುಂಬ ನೊಣ. ಮಳೆ ಬಿದ್ದ ಬೆನ್ನಿಗೇ ಹೊಲದ ಬದುಗಳಲ್ಲಿ ತುಂಬೆ ಅರಳುತ್ತದೆ, ನೆಗ್ಗಿಲ ಬಳ್ಳಿ ನೆಲ ಹಿಡಿದು ಹಳದಿಯಾಗುತ್ತದೆ. ತೆಂಗಿನ ತೋಟವಿದ್ದರೆ ವರ್ಷವಿಡೀ ಪರಾಗಕ್ಕೆ ಯೋಚನೆಯಿಲ್ಲ. ಸಜ್ಜೆ, ಮೆಕ್ಕೆಜೋಳದಲ್ಲಿ ಮಕರಂದವಿಲ್ಲ, ಆದರೂ ಮುಂಜಾನೆ ತೆನೆಯ ಮೇಲೆ ನೊಣಗಳು ಪರಾಗ ಕೆದಕುತ್ತಿರುತ್ತವೆ. ಮರಿಗಳಿಗೆ ಬೇಕಾದದ್ದು ಅದೇ. ಬೇವು, ಹೊಂಗೆ, ಹುಣಸೆಯ ಸುಗ್ಗಿ ಬೇಸಗೆಯದು, ಅದರ ಮಾತು ಬೇರೆ.

ಹಿರಿಯರ ಅಕ್ಕಡಿ ಸಾಲು ನೆನಪಾಗುವುದು ಇಲ್ಲಿಯೇ. ಶೇಂಗಾದ ನಡುವೆ ಇಷ್ಟು ಸಾಲಿಗೆ ಒಂದು ಎಂದು ತೊಗರಿ, ಸಜ್ಜೆ, ಅಲಸಂದೆ, ಹರಳು, ಹುಚ್ಚೆಳ್ಳು ಹಾಕುತ್ತಿದ್ದದ್ದು ಒಂದು ಬೆಳೆ ಸೋತರೆ ಇನ್ನೊಂದು ಕೈ ಹಿಡಿಯಲಿ ಎಂದು. ಜೇನಿನ ಹೆಸರು ಆ ಲೆಕ್ಕದಲ್ಲಿ ಇರಲಿಲ್ಲ. ಆದರೂ ಆ ಸಾಲುಗಳೇ ಶೇಂಗಾ ಸೀಮೆಯಲ್ಲಿ ಜೇನಿನ ಅನ್ನದ ತಟ್ಟೆಯಾಗಿದ್ದವು. ಹುಚ್ಚೆಳ್ಳಂತೂ ಜೇನಿಲ್ಲದೆ ಸರಿಯಾಗಿ ಕಾಳು ಕಟ್ಟದ ಬೆಳೆ. ಒಂದು ಗಿಡದ ಪರಾಗ ಅದೇ ಗಿಡಕ್ಕೆ ಒಗ್ಗುವುದಿಲ್ಲ, ಇನ್ನೊಂದು ಗಿಡದಿಂದ ಯಾರಾದರೂ ತಂದು ಹಾಕಬೇಕು. ಬರೀ ಶೇಂಗಾ ಬಿತ್ತುವ ರೂಢಿ ಬೆಳೆದಷ್ಟೂ ಹುಚ್ಚೆಳ್ಳಿನ ಸಾಲು ಕಡಿಮೆಯಾಯಿತು. ಪೆಟ್ಟಿಗೆ ಇಟ್ಟವರು ತಮ್ಮ ಹೊಲದಲ್ಲಾದರೂ ಅದನ್ನು ಮರಳಿ ತರಬೇಕು. ಆಗಸ್ಟಿನಲ್ಲಿ ಬಿತ್ತಿದ್ದು ಅಕ್ಟೋಬರಿನಲ್ಲಿ ಹಳದಿ ಹೂವಾಗಿ ನಿಲ್ಲುತ್ತದೆ.

ಇನ್ನು ಗಾಳಿಯ ವಿಚಾರ. ಚಿತ್ರದುರ್ಗ ಜಿಲ್ಲೆಯ ಗುಡ್ಡಸಾಲುಗಳ ಮೇಲೆ ಗಾಳಿಯಂತ್ರಗಳು ಸುಮ್ಮನೆ ಬಂದು ನಿಂತಿಲ್ಲ. ಆಷಾಢದಿಂದ ಭಾದ್ರಪದದವರೆಗೆ ನೈಋತ್ಯದ ಗಾಳಿ ಇಲ್ಲಿ ಬಿಡುವಿಲ್ಲದೆ ಬೀಸುತ್ತದೆ. ಜೇನುನೊಣ ಗಂಟೆಗೆ ಸುಮಾರು 24 ಕಿಲೊಮೀಟರ್ ವೇಗದಲ್ಲಿ ಹಾರುವ ಜೀವ. ಗಾಳಿ ಅದಕ್ಕಿಂತ ಜೋರಾದರೆ ಹೊರಗೆ ಹೋಗುವುದನ್ನೇ ನಿಲ್ಲಿಸುತ್ತದೆ, ಹೋದದ್ದು ಮರಳುವಾಗ ಸೋತು ಬೀಳುತ್ತದೆ. ಆದ್ದರಿಂದ ಪೆಟ್ಟಿಗೆಯ ಬಾಗಿಲು ಪೂರ್ವಕ್ಕೋ ಆಗ್ನೇಯಕ್ಕೋ ಇರಬೇಕು, ಬೆನ್ನಿಗೆ ಒಂದು ಆಸರೆ ಬೇಕು. ನುಗ್ಗೆ, ಗ್ಲಿರಿಸಿಡಿಯಾ, ಹೊಂಗೆಯ ಬೇಲಿ ಆದೀತು, ಕಲ್ಲಿನ ಗೋಡೆಯೂ ಆದೀತು. ಮುಚ್ಚಳದ ಮೇಲೆ ಒಂದು ಕಲ್ಲು ಹೇರಿರಬೇಕು. ಪೆಟ್ಟಿಗೆ ಮುಂದಕ್ಕೆ ಕೂದಲೆಳೆಯಷ್ಟು ಬಾಗಿದ್ದರೆ ಒಳಗೆ ಬಿದ್ದ ಮಳೆನೀರು ಬಾಗಿಲಿನಿಂದಲೇ ಹರಿದುಹೋಗುತ್ತದೆ. ನಿಲುವಿನ ನಾಲ್ಕು ಕಾಲಿಗೂ ನೀರಿನ ಬಟ್ಟಲು ಇಟ್ಟರೆ ಇರುವೆ ಹತ್ತದು. ಆದರೆ ಆ ಬಟ್ಟಲಿನ ನೀರು ವಾರದಲ್ಲೇ ಆರಿಹೋಗುವ ಸೀಮೆ ಇದು, ಹಾಗಾಗಿ ಹಳೆಯ ಎಂಜಿನ್ ಆಯಿಲ್ ಒಂದಿಷ್ಟು ಬೆರೆಸುವುದು ವಾಸಿ. ಪೆಟ್ಟಿಗೆಗೆ ಒರಗಿದ ಹುಲ್ಲು, ಕಡ್ಡಿಯನ್ನು ಕಿತ್ತುಹಾಕಬೇಕು. ಇರುವೆಗೆ ಅದೊಂದು ಸೇತುವೆ ಸಾಕು, ಓತಿಕೇತಕ್ಕೆ ಅಡಗಿ ಕೂರಲೂ ಅದೇ ತಾವು.

ತೆರೆಯುವ ದಿನ ಬಿಸಿಲಿರಬೇಕು, ಗಾಳಿ ತಗ್ಗಿರಬೇಕು. ಬೆಳಗ್ಗೆ ಒಂಬತ್ತರಿಂದ ಹನ್ನೊಂದರೊಳಗೆ ಒಳ್ಳೆಯ ಹೊತ್ತು, ಮೇವಿಗೆ ಹೋಗುವ ಹಳೆಯ ನೊಣಗಳು ಆಗ ಹೊರಗಿರುತ್ತವೆ. ಚುಚ್ಚುವುದರಲ್ಲಿ ಅವೇ ಮುಂದು. ಸೆಂಟು, ಎಣ್ಣೆಯ ವಾಸನೆ, ಕಪ್ಪು ಉಣ್ಣೆಯ ಬಟ್ಟೆ ಬೇಡ. ಬಾಗಿಲಿಗೆ ಅಡ್ಡ ನಿಲ್ಲದೆ ಪಕ್ಕದಲ್ಲಿ ನಿಲ್ಲಬೇಕು. ಹೊಗೆತಿದಿಗೆ ತೆಂಗಿನ ಸಿಪ್ಪೆ, ಹಳೆಯ ಗೋಣಿಚೀಲದ ಚೂರು ಸಾಕು. ಬಾಗಿಲಿಗೆ ಎರಡು ಸಲ, ಮುಚ್ಚಳ ತೆಗೆದ ಮೇಲೆ ಒಂದು ಸಲ ಮೆಲ್ಲಗೆ ಊದಿದರೆ ಆಯಿತು. ಹೊಗೆ ಹೆಚ್ಚಾದರೆ ನೊಣ ಗಾಬರಿಯಾಗಿ ಓಡುತ್ತದೆ, ರಾಣಿಯೂ ಅಡಗುತ್ತದೆ.

ಚೌಕಟ್ಟುಗಳನ್ನು ಅಂಚಿನಿಂದ ಒಂದೊಂದಾಗಿ ನೇರವಾಗಿ ಮೇಲೆತ್ತಿ, ಪೆಟ್ಟಿಗೆಯ ಮೇಲೆಯೇ ಹಿಡಿದು, ಬೆನ್ನಿನ ಕಡೆಯಿಂದ ಬೆಳಕು ಬೀಳುವಂತೆ ನಿಂತು ನೋಡಬೇಕು. ಹೀಗೆ ಒಂದೊಂದನ್ನೇ ಎತ್ತಿ ನೋಡುವ ಸೌಲಭ್ಯ ಜಗತ್ತಿಗೆ ಬಂದದ್ದು 1851ರಲ್ಲಿ. ಅಮೆರಿಕದ ಲ್ಯಾಂಗ್‌ಸ್ಟ್ರಾತ್ ಎಂಬ ಪಾದ್ರಿ, ನೊಣಗಳು ಸುಮಾರು ಎಂಟೊಂಬತ್ತು ಮಿಲಿಮೀಟರಿನ ಸಂದಿಯನ್ನು ಮೇಣದಿಂದಲೂ ಅಂಟಿನಿಂದಲೂ ಮುಚ್ಚದೆ ಓಡಾಟಕ್ಕೆ ಬಿಟ್ಟುಕೊಳ್ಳುತ್ತವೆ ಎನ್ನುವುದನ್ನು ಹಿಡಿದು ಪೆಟ್ಟಿಗೆ ಮಾಡಿದ. ನಮ್ಮ ತುಡುವೆಯ ಮೈಗೆ ತಕ್ಕ ಚಿಕ್ಕ ಪೆಟ್ಟಿಗೆಯನ್ನು 1910ರ ದಶಕದಲ್ಲಿ ತಿರುಚಿರಾಪಳ್ಳಿಯ ಪಾದ್ರಿ ನ್ಯೂಟನ್ ರೂಪಿಸಿದರು. ದಕ್ಷಿಣ ಭಾರತದ ತೋಟಗಳಲ್ಲಿ ಅದು ಈಗಲೂ ಅವರ ಹೆಸರಿನಲ್ಲೇ ನಡೆಯುತ್ತದೆ. ಚೌಕಟ್ಟುಗಳ ನಡುವಿನ ಆ ಸಂದಿ ಕೆಟ್ಟರೆ, ಅಗ್ಗಕ್ಕೆ ಸಿಕ್ಕಿತೆಂದು ಅಳತೆ ತಪ್ಪಿದ ಪೆಟ್ಟಿಗೆ ತಂದರೆ, ಎರಿಗಳೆಲ್ಲ ಒಂದಕ್ಕೊಂದು ಅಂಟಿ ತಪಾಸಣೆಯೇ ಸಾಧ್ಯವಾಗದು. ಪೆಟ್ಟಿಗೆ ಕೊಳ್ಳುವಾಗ ಬಣ್ಣ ನೋಡದೆ ಅಳತೆಪಟ್ಟಿ ಹಿಡಿದು ನೋಡಬೇಕು.

ಮೊದಲು ಹುಡುಕಬೇಕಾದದ್ದು ರಾಣಿಯನ್ನಲ್ಲ, ಮೊಟ್ಟೆಯನ್ನು. ಕಣದ ತಳದಲ್ಲಿ ಅಕ್ಕಿನುಚ್ಚಿಗಿಂತ ಸಣ್ಣಗೆ, ಬಿಳಿಯ ಕಡ್ಡಿಯಾಗಿ ನಿಂತಿರುತ್ತದೆ. ಮೊದಲ ದಿನ ನೆಟ್ಟಗೆ, ಎರಡನೆಯ ದಿನ ಓರೆಯಾಗಿ, ಮೂರನೆಯ ದಿನ ಮಲಗಿ. ನೆಟ್ಟಗೆ ನಿಂತ ಮೊಟ್ಟೆ ಕಂಡಿತೆಂದರೆ ನಿನ್ನೆ ಈ ಹೊತ್ತಿಗೆ ರಾಣಿ ಇಲ್ಲಿತ್ತು ಎಂದರ್ಥ. ಕಣ್ಣಿಗೆ ಬೀಳದಿದ್ದರೂ ಚಿಂತೆಯಿಲ್ಲ. ಒಂದು ಕಣಕ್ಕೆ ಒಂದೇ ಮೊಟ್ಟೆ ಇರಬೇಕು. ಒಂದೇ ಕಣದಲ್ಲಿ ಮೂರು ನಾಲ್ಕು ಮೊಟ್ಟೆ, ಅದೂ ಕಣದ ಗೋಡೆಗೆ ಅಂಟಿಕೊಂಡಿದ್ದರೆ ರಾಣಿ ಸತ್ತು ದುಡಿಮೆಗಾರ ನೊಣಗಳೇ ಮೊಟ್ಟೆಯಿಡುತ್ತಿವೆ ಎಂದು ತಿಳಿಯಬೇಕು. ಅವುಗಳಿಂದ ಹುಟ್ಟುವುದು ಗಂಡುನೊಣ ಮಾತ್ರ. ಮುಚ್ಚಿದ ಮರಿಗಳ ಎರಿ ಒತ್ತಾಗಿ, ಅಲ್ಲಲ್ಲಿ ತೂತಿಲ್ಲದೆ ಹರಡಿದ್ದರೆ ರಾಣಿ ಚುರುಕಾಗಿದೆ. ಚೆದುರಿದ ಮರಿ, ನಡುನಡುವೆ ಖಾಲಿ ಕಣ ಕಂಡರೆ ರಾಣಿಗೆ ವಯಸ್ಸಾಗಿದೆ, ಇಲ್ಲವೇ ರೋಗ ಹೊಕ್ಕಿದೆ. ಆಮೇಲೆ ಪರಾಗದ ಕಣಗಳನ್ನೂ ಮರಿಗಳ ಸುತ್ತ ಕಮಾನಾಗಿ ಇರುವ ಜೇನನ್ನೂ ನೋಡಬೇಕು. ಇಷ್ಟನ್ನೂ ಹತ್ತು ನಿಮಿಷದಲ್ಲಿ ಮುಗಿಸಿ ಮುಚ್ಚಬೇಕು. ಮರಿಗಳ ಗೂಡನ್ನು ನೊಣಗಳು 34ರಿಂದ 35 ಡಿಗ್ರಿ ಶಾಖದಲ್ಲಿ ಕಾಪಾಡಿಕೊಂಡು ಬಂದಿರುತ್ತವೆ. ಬಹಳ ಹೊತ್ತು ತೆರೆದಿಟ್ಟರೆ ಅದನ್ನೆಲ್ಲ ಅವು ಮತ್ತೆ ದುಡಿದು ಗಳಿಸಬೇಕು.

ಜೇನಿನ ಕಮಾನು ಬರಿದಾಗಿದ್ದರೆ ಸಕ್ಕರೆ ಪಾನಕ ಇಡುವ ಕಾಲ ಅದು. ಸಕ್ಕರೆಯೂ ಕಾಯಿಸಿ ಆರಿಸಿದ ನೀರೂ ಸಮಸಮ. ತುಡುವೆಯ ಒಂದು ಕುಟುಂಬಕ್ಕೆ ವಾರಕ್ಕೆ 200 ಗ್ರಾಮ್ ಸಕ್ಕರೆ ಸಾಕು. ಕತ್ತಲಾಗುವ ಹೊತ್ತಿಗೆ, ಪೆಟ್ಟಿಗೆಯ ಒಳಗೆ, ನೊಣ ಮುಳುಗದಂತೆ ಕಡ್ಡಿ ಹಾಕಿದ ಬಟ್ಟಲಲ್ಲಿ ಇಡಬೇಕು. ಹೊರಗೆ ಒಂದು ಹನಿ ಚೆಲ್ಲಿದರೂ ಬಲವಾದ ಕುಟುಂಬ ಬಂದು ಬಡವಾದದ್ದನ್ನು ಕೊಳ್ಳೆ ಹೊಡೆಯುತ್ತದೆ. ಬೆಲ್ಲ ಬೇಡ, ಅದರಿಂದ ನೊಣಕ್ಕೆ ಭೇದಿಯಾಗುತ್ತದೆ. ಅಂಗಡಿಯಿಂದ ತಂದ ಜೇನಂತೂ ಬೇಡವೇ ಬೇಡ, ಯಾವ ಊರಿನ ಯಾವ ರೋಗದ ಬೀಜ ಅದರಲ್ಲಿ ಬಂದಿದೆಯೋ. ಪರಾಗ ಕಡಿಮೆಯಿದ್ದರೆ ಕಡಲೆಹಿಟ್ಟನ್ನೋ ಎಣ್ಣೆ ತೆಗೆದ ಸೋಯಾ ಹಿಟ್ಟನ್ನೋ ಸಕ್ಕರೆ ಪುಡಿ, ತಮ್ಮದೇ ಪೆಟ್ಟಿಗೆಯ ಜೇನಿನೊಂದಿಗೆ ಕಲಸಿ ಚೌಕಟ್ಟುಗಳ ಮೇಲೆ ಸಣ್ಣ ಉಂಡೆಯಾಗಿ ಇಡಬಹುದು. ಹೂವು ಬಂದು ಜೇನುಕೋಣೆ ಏರಿಸಿದ ದಿನ ಪಾನಕ ಕಟ್ಟಾಗಿ ನಿಲ್ಲಬೇಕು. ಆಮೇಲೂ ಇಟ್ಟರೆ ಬಾಟಲಿಗೆ ಬರುವುದು ಜೇನಲ್ಲ, ಸಕ್ಕರೆ.

ರೋಗದ ಮಾತಿಗೆ ಬಂದರೆ ಕರ್ನಾಟಕದ ಜೇನು ಸಾಕಣೆಗಾರರು 1991, 92ನೇ ಇಸವಿಗಳನ್ನು ಮರೆತಿಲ್ಲ. ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಆ ವರ್ಷಗಳಲ್ಲಿ ದಕ್ಷಿಣ ಭಾರತಕ್ಕೆ ನುಗ್ಗಿ ತುಡುವೆ ಕುಟುಂಬಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲನ್ನು ಅಳಿಸಿಹಾಕಿತು. ಕೊಡಗು, ದಕ್ಷಿಣ ಕನ್ನಡ, ಉತ್ತರ ಕನ್ನಡದ ಮನೆಗಳಲ್ಲಿ ಖಾಲಿ ಪೆಟ್ಟಿಗೆಗಳು ಅಟ್ಟ ಸೇರಿದವು. 1962ರಲ್ಲಿ ಕಾಂಗ್ಡಾ ಕಣಿವೆಯ ನಗ್ರೋಟಾದಲ್ಲಿ ನೆಲೆ ಕಂಡಿದ್ದ ಯುರೋಪಿನ ಮೆಲ್ಲಿಫೆರಾ ಜೇನು ದಕ್ಷಿಣದಲ್ಲಿ ಹಬ್ಬಿದ್ದು ಈ ಹೊಡೆತದ ಆಮೇಲೆ. ತುಡುವೆ ನಿಧಾನವಾಗಿ ಚೇತರಿಸಿಕೊಂಡಿದೆ, ಆದರೆ ವೈರಸ್ ಹೋಗಿಲ್ಲ. ಸೊರಗಿದ ಕುಟುಂಬದಲ್ಲಿ ಈಗಲೂ ತಲೆಯೆತ್ತುತ್ತದೆ. ಶರತ್ಕಾಲದ ತಪಾಸಣೆಯಲ್ಲಿ ಇದನ್ನು ಗುರುತಿಸುವುದು ಕಷ್ಟವಲ್ಲ. ಮರಿಹುಳು ಕೋಶಾವಸ್ಥೆಗೆ ಹೋಗುವ ಮುನ್ನ ಕಣದಲ್ಲಿ ತಲೆಯೆತ್ತಿ ಮಲಗಿ ಸತ್ತಿರುತ್ತದೆ. ಚಿಮಟದಿಂದ ಎತ್ತಿದರೆ ಒಳಗೆ ನೀರು ತುಂಬಿದ ಚೀಲದ ಹಾಗೆ ಇಡಿಯಾಗಿ ಬರುತ್ತದೆ. ಔಷಧಿ ಇಲ್ಲ. ರೋಗದ ಎರಿಗಳನ್ನು ತೆಗೆದು ಸುಡುವುದು, ರಾಣಿಯನ್ನು ಕೆಲವು ದಿನ ಪಂಜರದಲ್ಲಿಟ್ಟು ಮೊಟ್ಟೆಯಿಡುವುದನ್ನು ತಡೆದು ರೋಗದ ಸರಪಣಿ ಮುರಿಯುವುದು, ಆ ಪೆಟ್ಟಿಗೆಯ ಚೌಕಟ್ಟನ್ನು ಬೇರೆ ಪೆಟ್ಟಿಗೆಗೆ ಹಾಕದಿರುವುದು, ಇಷ್ಟೇ ದಾರಿ.

ಮೆಲ್ಲಿಫೆರಾ ಇಟ್ಟವರಿಗೆ ವರೋವಾ ನುಸಿಯ ಕಾಟ. ಕೆಂಗಂದು ಬಣ್ಣದ, ಸಾಸಿವೆಗಿಂತ ಚಪ್ಪಟೆಯಾದ ಈ ನುಸಿ ಕಣಕ್ಕೆ ಮುಚ್ಚಳ ಬೀಳುವ ಮುನ್ನ ಒಳನುಗ್ಗಿ ಮರಿಯ ಮೈಮೇಲೆ ಸಂತಾನ ಬೆಳೆಸುತ್ತದೆ. ಇದರ ಮೂಲ ಆಸರೆ ನಮ್ಮ ಏಷ್ಯಾದ ತುಡುವೆಯೇ. ಆದರೆ ತುಡುವೆ ನೊಣಗಳು ಪರಸ್ಪರ ಮೈ ಕೆರೆದು ನುಸಿಯನ್ನು ಕಿತ್ತುಹಾಕುವುದನ್ನು ಕಲಿತಿವೆ. ಪರದೇಶದಿಂದ ಬಂದ ಮೆಲ್ಲಿಫೆರಾಕ್ಕೆ ಆ ವಿದ್ಯೆ ಅಷ್ಟಾಗಿ ಒಲಿದಿಲ್ಲ. ತಳಮಣೆಯ ಮೇಲೆ ಎಣ್ಣೆ ಸವರಿದ ಬಿಳಿ ಹಾಳೆ ಹಾಸಿ, ನೊಣಗಳ ಮೇಲೆ ನುಣ್ಣನೆಯ ಸಕ್ಕರೆ ಪುಡಿ ಉದುರಿಸಿದರೆ ನುಸಿಗಳು ಕೆಳಗೆ ಬೀಳುತ್ತವೆ, ಎಷ್ಟಿವೆ ಎಂದು ಲೆಕ್ಕವೂ ಸಿಗುತ್ತದೆ.

ಎರಡಕ್ಕೂ ಸಮಾನ ಶತ್ರು ಮೇಣದ ಪತಂಗ. ಮಳೆಗಾಲದಲ್ಲಿ ನೊಣ ಕಡಿಮೆಯಾಗಿ, ಕಾವಲಿಲ್ಲದ ಕಪ್ಪು ಎರಿಗಳು ಉಳಿದ ಪೆಟ್ಟಿಗೆಯೇ ಅದಕ್ಕೆ ಮನೆ. ಎರಿಯೊಳಗೆ ಸುರಂಗ ಕೊರೆದು ಬಲೆ ನೇಯ್ದು ಒಂದೆರಡು ವಾರದಲ್ಲಿ ಎಲ್ಲ ಹಾಳುಮಾಡುತ್ತದೆ. ನೊಣ ಮುಚ್ಚದ ಎರಿ ಎಷ್ಟಿದ್ದರೂ ಹೊರಗೆ ತೆಗೆಯುವುದು, ಹಳೆಯ ಕಪ್ಪು ಎರಿಗಳನ್ನು ಕರಗಿಸಿ ಮೇಣ ಮಾಡುವುದು, ತಳಮಣೆಯ ಕಸವನ್ನು ಹದಿನೈದು ದಿನಕ್ಕೊಮ್ಮೆ ಕೆರೆದು ಸುಡುವುದು, ಈ ಮೂರು ಮಾಡಿದರೆ ಪತಂಗಕ್ಕೆ ಎಡೆಯಿಲ್ಲ.

ತಪಾಸಣೆಯಲ್ಲಿ ಎರಡೇ ಚೌಕಟ್ಟಿನಷ್ಟು ನೊಣ ಉಳಿದ ಕುಟುಂಬ ಕಂಡರೆ ಅದರ ಮೇಲಿನ ಮಮತೆ ಬಿಡಬೇಕು. ಎರಡು ಬಡ ಕುಟುಂಬ ಎರಡು ಕಡೆ ಇದ್ದರೆ ಎರಡೂ ಜೇನು ಕೊಡುವುದಿಲ್ಲ. ಸೇರಿಸಿದರೆ ಒಂದಾದರೂ ದುಡಿಯುತ್ತದೆ. ಕೆಲಸಕ್ಕೆ ಬಾರದ ರಾಣಿಯನ್ನು ತೆಗೆದು, ಸಂಜೆ ಹೊತ್ತು ಒಂದು ಪೆಟ್ಟಿಗೆಯ ಮೇಲೆ ಸಣ್ಣ ತೂತು ಮಾಡಿದ ಸುದ್ದಿಪತ್ರಿಕೆಯ ಹಾಳೆ ಹಾಸಿ ಇನ್ನೊಂದನ್ನು ಅದರ ಮೇಲೆ ಕೂರಿಸುತ್ತಾರೆ. ನೊಣಗಳು ಕಾಗದ ಕಚ್ಚಿ ಹರಿಯುವಷ್ಟರಲ್ಲಿ ಎರಡರ ವಾಸನೆ ಬೆರೆತಿರುತ್ತದೆ, ಜಗಳವಾಗುವುದಿಲ್ಲ. ಬಲವಾದ ಕುಟುಂಬದಲ್ಲಿ ಇದರ ಎದುರು ತೊಂದರೆ ಬರುತ್ತದೆ. ಎರಿಯ ಕೆಳಅಂಚಿನಲ್ಲಿ ರಾಣಿಕಣ ಜೋತುಬಿದ್ದಿದ್ದರೆ ಕುಟುಂಬ ಪಾಲಾಗಿ ಹಾರಲಿದೆ. ಹೊಸ ಮೇಣದ ಹಾಳೆಯ ಚೌಕಟ್ಟು ಕೊಟ್ಟು ಜಾಗ ಮಾಡಬೇಕು, ಇಲ್ಲವೇ ನಾವೇ ಅದನ್ನು ಎರಡು ಮಾಡಬೇಕು.

ಇಷ್ಟೆಲ್ಲ ಮಾಡಿ ಸಿದ್ಧಪಡಿಸಿದ ಕುಟುಂಬವನ್ನು ಒಂದೇ ಬೆಳಗಿನಲ್ಲಿ ಕೊಲ್ಲಬಲ್ಲದ್ದು ಪಕ್ಕದ ಹೊಲದ ಸ್ಪ್ರೇಯರ್. ಈ ಭಾಗದಲ್ಲಿ ದಾಳಿಂಬೆ ತೋಟಗಳಿವೆ. ಹಸ್ತ ಬಹಾರ್ ಹಿಡಿದ ತೋಟಗಳಲ್ಲಿ ಹೂವು ಬರುವುದು ಇದೇ ದಿನಗಳಲ್ಲಿ, ಔಷಧಿ ಹೊಡೆಯುವುದೂ ಇದೇ ದಿನಗಳಲ್ಲಿ. ಇದರಲ್ಲಿ ದಾಳಿಂಬೆ ಬೆಳೆಗಾರನನ್ನು ದೂರುವುದರಿಂದ ಏನೂ ಆಗದು, ಅವನ ಸಾಲವೂ ದೊಡ್ಡದು. ಅವನೊಂದಿಗೆ ಮಾತಾಡಬೇಕು. ಹೂವು ತುಂಬಿದ ಗಿಡಕ್ಕೆ ಕೀಟನಾಶಕ ಬೇಡ, ಬೇಕೇ ಬೇಕಾದರೆ ನೊಣಗಳು ಗೂಡು ಸೇರಿದ ಮೇಲೆ, ಸಂಜೆ ಆರರ ನಂತರ. ಪುಡಿ ಔಷಧಿಯಂತೂ ಬೇಡ, ಅದು ಪರಾಗದೊಂದಿಗೆ ಪೆಟ್ಟಿಗೆ ಸೇರಿ ಮರಿಗಳ ಹೊಟ್ಟೆಗೆ ಹೋಗುತ್ತದೆ. ಹಿಂದಿನ ದಿನವೇ ಒಂದು ಫೋನ್ ಬಂದರೆ ಪೆಟ್ಟಿಗೆಯ ಬಾಗಿಲಿಗೆ ಜಾಲರಿ ಹಾಕಿ, ಮೇಲೆ ಒದ್ದೆ ಗೋಣಿ ಹೊದಿಸಿ ಅರ್ಧ ದಿನ ಕಾಪಾಡಿಕೊಳ್ಳಬಹುದು.

ಈ ಮಾತುಕತೆಯಲ್ಲಿ ಜೇನು ಸಾಕುವವನು ಬೇಡುವವನಾಗಿ ನಿಲ್ಲಬೇಕಿಲ್ಲ. ಸೂರ್ಯಕಾಂತಿಯ ತಟ್ಟೆಯಲ್ಲಿ ಸಣ್ಣ ಹೂಗಳು ಅಂಚಿನಿಂದ ನಡುವಿಗೆ ಸುತ್ತುಸುತ್ತಾಗಿ ಅರಳುತ್ತವೆ. ಒಂದೊಂದು ಹೂವೂ ಮೊದಲು ಪರಾಗ ಹೊರಹಾಕಿ, ಆಮೇಲೆ ತನ್ನ ಶಲಾಕೆ ಚಾಚುತ್ತದೆ. ಅದಕ್ಕೆ ಬೇರೆ ಗಿಡದ ಪರಾಗ ತಂದು ಕೊಡುವವರು ಬೇಕು. ತಟ್ಟೆಯ ನಡುವೆ ಜೊಳ್ಳು ಹೆಚ್ಚಾದ ಹೊಲಗಳಲ್ಲಿ ಗೊಬ್ಬರದ ಕೊರತೆಗೆ ಮುಂಚೆ ನೊಣದ ಕೊರತೆಯನ್ನು ವಿಚಾರಿಸಬೇಕು. ಹೆಕ್ಟೇರಿಗೆ ನಾಲ್ಕೈದು ಪೆಟ್ಟಿಗೆ ಇಡುವಂತೆ ಕೃಷಿ ವಿಜ್ಞಾನಿಗಳು ಹೇಳುತ್ತಾ ಬಂದಿದ್ದಾರೆ. ಈರುಳ್ಳಿ ಬೀಜ ಮಾಡುವವರಿಗೂ ಇದೇ ಮಾತು. ಈರುಳ್ಳಿ ಹೂವು ತನ್ನ ಪರಾಗವನ್ನೆಲ್ಲ ಚೆಲ್ಲಿ ಮುಗಿಸಿದ ಮೇಲೆಯೇ ಅದರ ಶಲಾಕೆ ಹದಕ್ಕೆ ಬರುವುದು. ನೊಣವಿಲ್ಲದಿದ್ದರೆ ಬೀಜ ಕಟ್ಟುವುದು ತೀರ ಕಡಿಮೆ. ಅಕ್ಟೋಬರ್, ನವೆಂಬರಿನಲ್ಲಿ ಗಡ್ಡೆ ನೆಟ್ಟ ಹೊಲ ಜನವರಿ, ಫೆಬ್ರವರಿಯಲ್ಲಿ ಹೂವಾಗುತ್ತದೆ. ಶರತ್ಕಾಲದಲ್ಲಿ ಚೆನ್ನಾಗಿ ಬೆಳೆಸಿದ ಕುಟುಂಬಕ್ಕೆ ಅದು ಮುಂದಿನ ಮೇಳ.

ಜೇನು ಬಂದಾಗ ಅವಸರ ಬೇಡ. ಕೆಳಗಿನ ಮರಿಕೋಣೆಯ ಏಳೆಂಟು ಚೌಕಟ್ಟು ನೊಣದಿಂದ ತುಂಬಿದ ಮೇಲೆಯೇ ಮೇಲೆ ಜೇನುಕೋಣೆ ಇಡಬೇಕು. ಎರಿಯ ಮುಕ್ಕಾಲು ಪಾಲು ಕಣಗಳಿಗೆ ಮೇಣದ ಮುಚ್ಚಳ ಬಿದ್ದ ಮೇಲೆಯೇ ತಿರುಗಣೆಗೆ ಹಾಕಬೇಕು. ಅದಕ್ಕೆ ಮುಂಚೆ ತೆಗೆದ ಜೇನಿನಲ್ಲಿ ನೀರು ನೂರಕ್ಕೆ ಇಪ್ಪತ್ತು ಮೀರಿರುತ್ತದೆ, ತಿಂಗಳೊಳಗೆ ಹುಳಿಯುತ್ತದೆ. ಮರಿಕೋಣೆಯ ಜೇನು ನೊಣದ್ದು, ಅದಕ್ಕೆ ಕೈ ಹಾಕಬಾರದು. ಒಳ್ಳೆಯ ಮೇವಿರುವ ಕಡೆ ತುಡುವೆಯ ಒಂದು ಪೆಟ್ಟಿಗೆಯಿಂದ ವರ್ಷಕ್ಕೆ ಐದರಿಂದ ಹತ್ತು ಕಿಲೊ ನಿರೀಕ್ಷಿಸಬಹುದು. ಮೆಲ್ಲಿಫೆರಾದಿಂದ ಹೆಚ್ಚು, ಆದರೆ ಅದನ್ನು ಹೂವಿದ್ದಲ್ಲಿಗೆ ಹೊತ್ತು ತಿರುಗಬೇಕು. ಒಂದೆರಡು ಪೆಟ್ಟಿಗೆಯಿಂದ ಶುರುಮಾಡುವ ಬಯಲುಸೀಮೆಯ ರೈತನಿಗೆ ತುಡುವೆಯೇ ತಕ್ಕದ್ದು. ಅದು ಈ ನೆಲದ್ದು, ಕಡಿಮೆ ಹೂವಿನಲ್ಲಿ ಬದುಕುವುದನ್ನು ಬಲ್ಲದ್ದು.

ಕಲಿಯಲು ಮನಸ್ಸಿರುವವರಿಗೆ ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರವೂ ತಾಲ್ಲೂಕಿನ ತೋಟಗಾರಿಕೆ ಇಲಾಖೆಯೂ ಹತ್ತಿರದಲ್ಲೇ ಇವೆ. ಪೆಟ್ಟಿಗೆ, ಕುಟುಂಬಗಳಿಗೆ ಸಹಾಯಧನದ ಯೋಜನೆಗಳ ವಿಚಾರವನ್ನು ತೋಟಗಾರಿಕೆ ಕಚೇರಿಯಲ್ಲೇ ಕೇಳಬಹುದು. ಬಿ.ಜಿ. ಕೆರೆ, ಕೊಂಡ್ಲಹಳ್ಳಿ, ತಳಕು, ನಾಯಕನಹಟ್ಟಿಯ ಕಡೆಯ ಜೇನು ಸಾಕುವವರು ಗೌರಿಹಬ್ಬದ ವಾರವೇ ಒಂದು ಬಿಸಿಲಿನ ಬೆಳಗ್ಗೆ ಪೆಟ್ಟಿಗೆ ತೆರೆದು ಮೊಟ್ಟೆ ಇದೆಯೇ ನೋಡಲಿ. ಪೆಟ್ಟಿಗೆ ಇಲ್ಲದವರು ಶೇಂಗಾದ ನಡುವೆ ನಾಲ್ಕು ಸಾಲು ಹುಚ್ಚೆಳ್ಳು, ತೊಗರಿ ಉಳಿಸಲಿ, ಔಷಧಿ ಹೊಡೆಯುವ ಹಿಂದಿನ ಸಂಜೆ ಜೇನು ಇಟ್ಟ ನೆರೆಯವರಿಗೆ ಒಂದು ಮಾತು ತಿಳಿಸಲಿ.